ಕುಷ್ಟಗಿ ಘಟಕದ ದೀಪ

“ಅಕ್ಕಾರ, ಕಳ್ಳಿ ಅನ್ನಿಸ್ಕೊಂಡು ನಾ ಈ ಊರಾಗ ಇರಂಗಿಲ್ರಿ,” ಎಂದು ಶಾಂಭವಿ ಬಂದು ಕುಳಿತಾಗ ಪಂಪಾವತಿ ಅಕ್ಕ ಬಿಸಿ ಮಿರ್ಚಿಗೆ ಕೈ ಹಾಕಿದ್ದರು. ಕೊಪ್ಪಳದ ಅವರ ಪತ್ತೇದಾರಿ ಕಚೇರಿಗೆ ಗುಮಾಸ್ತ, ಡ್ರೈವರ್, ಬೈಸಿಕೊಳ್ಳುವವನು ಎಲ್ಲ ನಾನೇ, ಮುನವ್ವರ. ಅಕ್ಕ ಮಿರ್ಚಿ ಕೆಳಗಿಟ್ಟರೆಂದರೆ ಪ್ರಕರಣ ಗಟ್ಟಿ ಎಂದೇ ಅರ್ಥ.

ಶಾಂಭವಿ ಬೀಜದ ಕಂಪನಿಯೊಂದರ ಕಾರ್ಯದರ್ಶಿ. ಕಂಪನಿಯ ಷೇರಿನ ಬೆಲೆ ಏರಿಳಿಸುವಂಥ ಸುದ್ದಿ ಏನೇ ಇರಲಿ, ಅದನ್ನು ಷೇರುಪೇಟೆಗೆ ತಿಳಿಸುವವರೆಗೆ ಗುಟ್ಟಾಗಿಡಬೇಕು. ಆ ಗುಟ್ಟಿನ ಕಾವಲು ಅವಳದು. ಕುಷ್ಟಗಿ ಘಟಕ ಮುಚ್ಚುವ ಪ್ರಸ್ತಾಪವಿತ್ತು. ಆಡಳಿತ ಮಂಡಳಿಯ ಸಭೆಗೆ ಮೊದಲೇ ಯಾರೋ ರಾಶಿ ಷೇರು ಕೊಂಡು, ಗಾಳಿಸುದ್ದಿ ಹಬ್ಬಿಸಿ, ಬೆಲೆ ಏರಿಸಿದ್ದರು. ಅವರ ಹಿಂದೆ ಬಿದ್ದು ಕೊಂಡ ಸಣ್ಣಪುಟ್ಟವರು, ಘಟಕ ಮುಚ್ಚುವ ಪ್ರಕಟಣೆ ಹೊರಬಿದ್ದಾಗ ಕೈ ಸುಟ್ಟುಕೊಂಡರು.

“ಏನಂತ ಸುದ್ದಿ ಹಬ್ಬಿತ್ತು?” ಅಕ್ಕ ಕೇಳಿದರು.

“ಘಟಕ ದೊಡ್ಡದಾಗ್ತೈತಿ ಅಂತ್ರಿ. ಹಣಕಾಸಿನ ಬಸವಕುಮಾರ ಸರ್ ನನ್ನ ಮ್ಯಾಲ ಗೂಬಿ ಕೂರಸ್ಯಾರ. ಈ ವಾರದಾಗ ನನ್ನ ಕೆಲಸದಿಂದ ತಗೀತಾರ.”

“ಪ್ರಸ್ತಾಪದ ಕಾಗದ ಓದಿದವ್ರು ಯಾರು?”

“ಚೇರ್ಮನ್ ಕೊಟ್ರಬಸಪ್ಪನೋರು, ಬಸವಕುಮಾರ ಸರ್, ನಾನು. ಅಷ್ಟ ಮಂದಿ.”

ಸಂಜೆ ನಾವು ಕಂಪನಿಗೆ ಹೋದಾಗ ಚೇರ್ಮನ್ನರು ಹೊರಡುತ್ತಿದ್ದರು. “ಗಾಳೆಪ್ಪಾ, ದೀಪ ದೊಡ್ಡದು ಮಾಡು,” ಎಂದು ಜವಾನನಿಗೆ ಹೇಳಿದರು. ಅವನು ಬಸವಣ್ಣನ ಪಟದ ಮುಂದಿನ ದೀಪವನ್ನು ಹೂವಿನಿಂದ ಶಾಂತ ಮಾಡಿದ. ಕೆಳಗೆ ಕಾರಿನಲ್ಲಿ ಮಾರಾಟ ವಿಭಾಗದ ಹೊಸ ಮುಖ್ಯಸ್ಥ ಸೇನ್ ಕಾಯುತ್ತಿದ್ದರು. ಕೋಲ್ಕತ್ತದವರು. “ಚೇರ್ಮನ್ ಜೊತೆ ದಿನಾ ಪ್ರಯಾಣ. ಈ ಕಾರೇ ನನ್ನ ಕನ್ನಡ ಶಾಲೆ,” ಎಂದು ಹೆಮ್ಮೆಪಟ್ಟರು.

ನನ್ನ ಗುಮಾನಿಯೆಲ್ಲ ಬಸವಕುಮಾರನ ಮೇಲೆ. ಅವನ ಮುಖವೇ ನನಗೆ ಹಿಡಿಸಿರಲಿಲ್ಲ. ಹಾಗೆಂದದ್ದಕ್ಕೆ ಅಕ್ಕ, “ಮಾರಿ ನೋಡಿ ಮಣಿ ಹಾಕಬ್ಯಾಡ,” ಎಂದು ಗದರಿದರು.

ಮರುದಿನ ಸಂಜೆ ಅಕ್ಕ ಎಲ್ಲರನ್ನೂ ಚೇರ್ಮನ್ನರ ಕೋಣೆಗೆ ಕರೆಸಿದರು. ಶಾಂಭವಿ ಸೆರಗಿನ ತುದಿ ಹಿಂಡುತ್ತ ಮೂಲೆಯಲ್ಲಿ ಕುಳಿತಳು. ನನಗೆ ಅವಳನ್ನು ನೋಡಿ ಸಂಕಟವಾಯಿತು.

“ಸೇನ್ ಸಾಹೇಬ್ರ, ಒಂದೀಟು ಆ ದೀಪ ದೊಡ್ಡದು ಮಾಡ್ರಿ,” ಎಂದರು ಅಕ್ಕ.

ಸೇನ್ ಖುಷಿಯಿಂದ ಎದ್ದು, ಎಣ್ಣೆ ಸುರಿದು, ಬತ್ತಿ ಎಳೆದು ಉರಿ ಎತ್ತರ ಮಾಡಿದರು. ಬಸವಕುಮಾರ ನಕ್ಕುಬಿಟ್ಟ. ಚೇರ್ಮನ್ನರ ಮುಖ ಮಾತ್ರ ಬಿಳಿಚಿಕೊಂಡಿತು.

“ನೋಡ್ರಿ,” ಎಂದರು ಅಕ್ಕ. “ಮುಚ್ಚೋ ಕಾಗದ ಓದಿದವ್ರು ಷೇರು ಮಾರ್ತಿದ್ರು. ಕೊಂಡಾವ ಓದಿಲ್ಲ, ಕೇಳ್ಯಾನ. ಕೇಳಿ ತಪ್ಪು ತಿಳದಾನ. ಮುಚ್ಚೋದು ದೊಡ್ಡದಾಗೋದಂಗ ಕೇಳೋದು ಈ ದೀಪದ ಮಾತಿನ್ಯಾಗ. ನಮ್ಮ ಮಂದಿ ಅಪಶಕುನ ಅಂತ ಆರಿಸು ಅನ್ನೋದಿಲ್ಲ, ದೊಡ್ಡದು ಮಾಡು ಅಂತಾರ. ಅದು ತಿಳೀದವ್ರು ಇಲ್ಲಿ ಒಬ್ರ. ಚೇರ್ಮನ್ರ, ಕಾರಿನ್ಯಾಗ ಏನಂದಿದ್ರಿ?”

“ಮನಿಯಾಕಿ ಕೂಡ ಫೋನಿನ್ಯಾಗ ಮಾತಾಡಿದೆ,” ಚೇರ್ಮನ್ನರ ದನಿ ಇಳಿಯಿತು. “‘ಕುಷ್ಟಗಿ ಘಟಕದ ದೀಪ ದೊಡ್ಡದು ಮಾಡಬೇಕಾಗೇತಿ’ ಅಂದೆ. ನಮ್ಮಪ್ಪ ಕಟ್ಟಿದ್ದು ನೋಡ್ರಿ, ಮುಚ್ಚೋದು ಅನ್ನಾಕ ಬಾಯಿ ಬರಲಿಲ್ಲ.”

“ಸೇನ್ ಸಾಹೇಬ್ರ, ಕೊಂಡವ್ರ ಹೆಸರು ಪೇಟೆಯವ್ರ ಹತ್ರ ಇದ್ದ ಇರ್ತೈತಿ. ಅವ್ರು ಕೇಳೋಕ್ಕಿಂತ ಮೊದ್ಲ ನೀವ ಹೇಳಿಬಿಡ್ರಿ.”

ಸೇನ್ ಎಣ್ಣೆಯಾದ ಕೈ ಒರೆಸಿಕೊಂಡರು. “ಭಾವನ ಹೆಸರಿನಲ್ಲಿ ಕೊಂಡೆ. ಗೆಳೆಯರಿಗೂ ಹೇಳಿದೆ. ಆದರೆ ನನಗೆ ನಷ್ಟವೇ ಆಯಿತಲ್ಲ!”

“ಕನ್ನಾ ಹಾಕಿದ ಮನ್ಯಾಗ ಏನೂ ಸಿಗಲಿಲ್ಲ ಅಂದ್ರ ಕಳ್ಳ ಕಳ್ಳ ಅಲ್ಲೇನ್ರಿ?”

ಬಸವಕುಮಾರ ಶಾಂಭವಿಯತ್ತ ತಿರುಗಿ, “ತಪ್ಪಾತ್ರಿ, ಮೇಡಮ್ಮಾರ,” ಎಂದ. ಅವನ ಮುಖ ಅಷ್ಟೇನೂ ಕೆಟ್ಟದ್ದಲ್ಲ ಎಂದು ಆಗ ನನಗನ್ನಿಸಿತು.

ಶಾಂಭವಿ ಕಣ್ಣೊರೆಸಿಕೊಂಡು ಷೇರುಪೇಟೆಗೆ ವರದಿ ಬರೆಯಲು ಕುಳಿತಳು. “ನನ್ನ ವಿಷಯ ಒಂದೀಟು ಮೆತ್ತಗ ಬರೀರಿ,” ಎಂದರು ಚೇರ್ಮನ್ನರು.

“ಇಲ್ರಿ. ಮೆತ್ತಗ ಹೇಳಿದ್ದಕ್ಕ ಇಷ್ಟೆಲ್ಲಾ ಆಗೇತಿ. ಗುಟ್ಟು ಹೊರಗ ಬಿದ್ದದ್ದು ನಿಮ್ಮ ಬಾಯಿಂದ ಅಂತ, ಇದ್ದದ್ದು ಇದ್ದಂಗ ಬರೀತೀನಿ.”

ಚೇರ್ಮನ್ನರು ಓದಿ ಸಹಿ ಹಾಕಿದರು. ಬಾಗಿಲವರೆಗೆ ಹೋಗಿ, ರೂಢಿಯಂತೆ ತಿರುಗಿದರು.

“ಗಾಳೆಪ್ಪಾ, ದೀಪ...” ಎಂದವರು ತಡೆದರು. ಸೇನ್ ಎತ್ತರಿಸಿದ ಉರಿಯನ್ನೇ ಸ್ವಲ್ಪ ಹೊತ್ತು ನೋಡಿದರು.

“ಆರಿಸು,” ಎಂದರು.

ಗಾಳೆಪ್ಪ ಹೂವು ಹಿಡಿದು ನಿಂತೇ ಇದ್ದ.