ರಂಜನ್‌ಗೆ ಮುಚ್ಚಿದ ಫೈರ್‌ವಾಲ್

ಡೊಂಬಿವಲಿಯಲ್ಲಿ ಕುಶಲ ಮಾವನ ಹೋಟೆಲಿದೆ. ಅದರ ಕಂಪ್ಯೂಟರನ್ನು ಅವರ ಮಗ ರಂಜನ್ ಮನೆಯಿಂದಲೇ ತನ್ನ ಲ್ಯಾಪ್‌ಟಾಪಿನಲ್ಲಿ ನೋಡಿಕೊಳ್ಳುತ್ತಿದ್ದ. ಹೋದ ವರ್ಷ ಅವನು ಶಹಾಡ್ ಬಳಿ ಲೋಕಲ್ ರೈಲಿನಿಂದ ಬಿದ್ದು ಸತ್ತ. ಅವನ ಕೆಲಸ ನನಗೆ ಬಂತು, ಹೊಗಳಿಕೆ ಮಾತ್ರ ಅವನಿಗೇ ಉಳಿಯಿತು.

ಸತ್ತವರಿಗೆ ಬಡಿಸುವ ಆಟಿ ತಿಂಗಳಲ್ಲಿ ಅತ್ತೆ ಅವನಿಗೆ ಎಲೆ ಹಾಕಿ ಬಡಿಸಿದ ದಿನವೇ ನಾನು ಹೋಟೆಲಿನಲ್ಲಿ ಕೂತು ಆ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸ ಲಿನಕ್ಸ್ ಹಾಕಿದೆ. ಫೈರ್‌ವಾಲ್‌ನಲ್ಲಿ ಎಲ್ಲರನ್ನೂ ತಡೆದು ನನ್ನ ಲ್ಯಾಪ್‌ಟಾಪಿಗೆ ಮಾತ್ರ ದಾರಿ ಬಿಟ್ಟೆ.

ಕೂಡಲೇ ಪರದೆಯ ಮೇಲೆ, ಯಾರೋ ಒಳಗೆ ಬರಲು ನೋಡಿದರು, ತಡೆಯಲಾಯಿತು ಎನ್ನುವ ಸಾಲುಗಳು ಒಂದರ ಹಿಂದೊಂದು ಬಂದವು. ಎಲ್ಲದರಲ್ಲೂ ರಂಜನ್‌ನ ಲ್ಯಾಪ್‌ಟಾಪಿನ ವಿಳಾಸ. ಅದು ಅವನ ಜೊತೆಗೇ ಹಳಿಯ ಮೇಲೆ ಪುಡಿಯಾಗಿತ್ತು. ಕೀಬೋರ್ಡ್ ಬೆರಳಿಗೆ ಒದ್ದೆಯೊದ್ದೆಯಾಗಿ, ತಣ್ಣಗೆ ತಾಗಿತು.

"ಯಾರು ಮಾರಾಯ ಅದು, ಇಷ್ಟು ಸಲ?" ಎಂದರು ಮಾವ.

"ಯಾರೂ ಇಲ್ಲ ಮಾವ. ನೆಟ್ ಪ್ರಾಬ್ಲೆಂ."

ನೆಟ್ಟಿನ ವೈರ್ ಕಿತ್ತೆ. ಸಾಲುಗಳು ನಿಲ್ಲಲಿಲ್ಲ.

ಮಾವ ನನ್ನ ಕೈಯ ವೈರನ್ನೂ ಪರದೆಯನ್ನೂ ನೋಡಿದರು. "ರಂಜನ್‌ನನ್ನು ಒಳಗೆ ಬಿಡು. ಇವತ್ತು ಬಡಿಸಿದ ದಿನ ಅಲ್ವಾ?"

"ನಾನಿಲ್ಲಿ ಕೂತಿದ್ದೇನಲ್ಲ ಮಾವ!"

"ನೀನು ಸ್ವಲ್ಪ ಏಳು."

ವೈರ್ ನನ್ನ ಕೈಯಲ್ಲೇ ಇತ್ತು, ಸಾಲುಗಳು ಬರುತ್ತಲೇ ಇದ್ದವು. ಮಾವ ಪರದೆ ನೋಡಿ ನಗುತ್ತಿದ್ದರು. ನನ್ನನ್ನು ನೋಡಿ ಅವರು ಹಾಗೆ ನಕ್ಕಿದ್ದೇ ಇಲ್ಲ.