ಮೊಳೆಯ ಮೇಲಿನ ಹಳದಿ ಟವೆಲ್

ಮೂರು ವರ್ಷದಿಂದ ಯಾರೂ ಮುಟ್ಟದ ಟವೆಲ್ಲಿನಲ್ಲಿ ಆ ಮನುಷ್ಯ ನೆಮ್ಮದಿಯಾಗಿ ಮುಖ ಒರೆಸಿಕೊಳ್ಳುತ್ತಿದ್ದ.

"ಅಯ್ಯೋ, ಅದನ್ನ ಬಿಡ್ರೀ!" ಅವಳು ಕೈಯಲ್ಲಿ ಸ್ಯಾಂಡ್‌ಪೇಪರ್ ಹಿಡಿದೇ ಷೆಡ್ಡಿನೊಳಗಿಂದ ಓಡಿಬಂದಳು.

ಅವನು ಬೆಚ್ಚಿಬಿದ್ದ. ಕಣ್ಣು ಕಿರಿದು ಮಾಡಿ, ಅವಳ ಪಕ್ಕದ ಕಂಬಕ್ಕೆ ವಿನಯದಿಂದ "ಕ್ಷಮಿಸಿ" ಎಂದ.

ಅಷ್ಟು ಸಿಟ್ಟಿನಲ್ಲೂ ಅವಳಿಗೆ ನಗು ಬಂತು. "ನಾನು ಈ ಕಡೆ ಇದೀನಿ."

"ಕನ್ನಡಕ ಬ್ಯಾಗಲ್ಲಿದೆ," ಎಂದು ಅವನು ತಡವರಿಸಿದ. "ಅಂದಹಾಗೆ ಟವೆಲ್ ಬೆಚ್ಚಗಿತ್ತು. ಯಾರೋ ಈಗ ತಾನೇ ಮೈ ಒರೆಸಿಟ್ಟ ಹಾಗೆ."

ಅವಳ ನಗು ಅಲ್ಲೇ ನಿಂತಿತು.

ಕಡಲ ದಂಡೆಯ ಆ ಷೆಡ್ಡಿನಲ್ಲಿ ಅವಳು ಕಯಾಕ್ ರಿಪೇರಿ ಮಾಡುತ್ತಿದ್ದಳು. ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟು ಹಿಡಿದು, ಅಲೆಯ ಬೆನ್ನೇರಿ ಜಾರುವ ಪುಟ್ಟ ದೋಣಿಗಳವು. ನೀರಿಗಿಳಿಯುವವರು ತಮ್ಮ ಟವೆಲ್ಲನ್ನು ಬಾಗಿಲ ಮೊಳೆಗೆ ತೂಗುಹಾಕಿ ಹೋಗಬೇಕು, ವಾಪಸ್ ಬಂದವರೇ ಅದನ್ನು ತೆಗೆಯಬೇಕು. ಇದು ಷೆಡ್ಡಿನ ಹಳೆಯ ಕಟ್ಟಳೆ. ಟವೆಲ್ ಮೊಳೆಯಲ್ಲಿದ್ದರೆ ಅದರ ಯಜಮಾನ ಇನ್ನೂ ನೀರಿನಲ್ಲಿದ್ದಾನೆ ಎಂದರ್ಥ.

ಹಳದಿ ಟವೆಲ್ ಅವಳ ಅಣ್ಣನದು. ಒಂದು ದಿನ ಅವನ ದೋಣಿ ಮಾತ್ರ ದಡಕ್ಕೆ ಬಂತು. ಟವೆಲ್ ತೆಗೆಯಲು ಅಮ್ಮ ಬಿಡಲಿಲ್ಲ. ಉಪ್ಪುಗಾಳಿಗೆ ಅದು ಸೆಟೆದು ಹಲಗೆಯಂತಾಗಿತ್ತು. ಬಿರುಗಾಳಿ ಬೀಸಿದರೂ ಅಲುಗುತ್ತಿರಲಿಲ್ಲ.

ಆ ಟವೆಲ್ಲಿಗೆ ಮುಖ ಒರೆಸಿದವನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿಯಿತ್ತು. ಊರಿಗೆಲ್ಲ ಕಣ್ಣು ಕೊಟ್ಟು, ತಾನು ಮಾತ್ರ ಕಡಲಿಗೆ ಬರಿಗಣ್ಣಿನಲ್ಲಿ ಇಳಿಯುವ ಭೂಪ. ಬಿರುಕುಬಿಟ್ಟ ದೋಣಿಯನ್ನು ರಿಪೇರಿಗೆ ತಂದವನು, ಅಮ್ಮ ಕನ್ನಡಕದ ಕಾಲಿಗೆ ದಾರ ಸುತ್ತಿಕೊಂಡದ್ದನ್ನು ಕಂಡ. ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಸರಿಮಾಡಿದ. ಗಾಜನ್ನು ಒರೆಸಿ, ಬಾಯಿಂದ ಊದಿ, ಮತ್ತೊಮ್ಮೆ ಒರೆಸಿ ಅಮ್ಮನ ಕಿವಿಗೆ ತಾನೇ ಸಿಕ್ಕಿಸಿದ. ನೋಡುತ್ತ ನಿಂತಿದ್ದ ಮಗಳ ಮನಸ್ಸು ಜಾರಿದ್ದು ಆ ಎರಡನೇ ಸಲ ಒರೆಸಿದಾಗ.

ಆದರೆ ಕಡಲಿಗಿಳಿಯುವವನಿಗೆ ಮನಸ್ಸು ಕೊಡುವುದಿಲ್ಲ ಎಂದು ಅವಳು ಎಂದೋ ತೀರ್ಮಾನಿಸಿದ್ದಳು. ಹಾಗಾಗಿ ಅವನ ದೋಣಿಯ ರಿಪೇರಿ ಮುಗಿಯಲೇ ಇಲ್ಲ. ಹಾಕಿದ ತೇಪೆಯನ್ನು ತಾನೇ ಉಜ್ಜಿ ತೆಗೆಯುವಳು, ಮತ್ತೆ ಹಾಕುವಳು.

"ನನ್ನ ದೋಣಿಗೆ ಇಷ್ಟೊಂದು ಕಾಯಿಲೆನಾ?" ಎಂದು ಅವನು ದಿನವೂ ಬಂದು ಕೇಳುವನು.

"ಹಳೇ ಕಾಯಿಲೆ. ಬೇಗ ವಾಸಿಯಾಗಲ್ಲ."

"ನೋಡೋಕೆ ಬರೋನಿಗೂ ಅಂಟಿಕೊಂಡಂಗಿದೆ."

ಅವಳು ತಲೆ ತಗ್ಗಿಸಿ ಇನ್ನೂ ಜೋರಾಗಿ ಉಜ್ಜಿದಳು. ಕಿವಿ ಕೆಂಪಾದದ್ದನ್ನು ಅವನು ಕನ್ನಡಕದೊಳಗಿಂದ ಸಾವಕಾಶವಾಗಿ ನೋಡಿದ.

ಕೊನೆಗೆ ಅಮ್ಮನೇ ಗದರಿದಳು. "ಕೊಟ್ಟುಬಿಡೇ ಪುಟ್ಟಿ. ಕಟ್ಟಿಹಾಕಿದ್ರೆ ಉಳೀತಾರಾ ಯಾರಾದ್ರೂ?"

ದೋಣಿ ಕೊಟ್ಟ ಬೆಳಗ್ಗೆ ಗಾಳಿಯೇ ಇರಲಿಲ್ಲ. ದೂರದಲ್ಲಿ ಅಲೆ ಒಂದೇ ಸಮನೆ ಏಳುತ್ತಿತ್ತು, ಆದರೆ ಸದ್ದು ಮಾತ್ರ ಯಾರೋ ಬಾಯಿ ಮುಚ್ಚಿದಂತೆ ಕ್ಷೀಣವಾಗಿತ್ತು. ಅವನು ತನ್ನ ನೀಲಿ ಟವೆಲ್ಲನ್ನು ಹಳದಿಯ ಪಕ್ಕ ತೂಗುಹಾಕಿ, ಕನ್ನಡಕ ತೆಗೆದು ಅವಳ ಅಂಗೈಯಲ್ಲಿಟ್ಟ.

"ಬಂದ್ಮೇಲೆ ಒಂದು ಮಾತು ಕೇಳ್ಬೇಕು."

"ಈಗ್ಲೇ ಕೇಳಿ."

"ಈಗ ನಿಮ್ಮ ಮುಖ ಕಾಣಲ್ಲ. ಉತ್ತರ ಅಲ್ಲೇ ನೋಡ್ಬೇಕು ನಾನು."

ದೋಣಿಯೇರಿ ನೀರಿಗಿಳಿದು, ಅವನು ಅಲೆಗೆ ಬೆನ್ನು ಮಾಡಿ ಕಾದ. ದೋಣಿಯ ಹಿಂಭಾಗ ಮೇಲೆದ್ದ ಗಳಿಗೆಗೆ ಜೋರಾಗಿ ಹುಟ್ಟುಹಾಕಿ, ಹಿಂದಕ್ಕೆ ಬಾಗಿ, ಹಸಿರು ನೀರಿನ ಇಳಿಜಾರಿನಲ್ಲಿ ಅಡ್ಡಡ್ಡ ಜಾರಿದ. ಚೆಂದವಿತ್ತು. ಚೆಂದವಿದೆಯಲ್ಲ ಎಂದೇ ಅವಳಿಗೆ ಭಯವಾಯಿತು.

ಅಷ್ಟರಲ್ಲಿ ಮಂಜು ಬಂತು, ಹಾಲು ಉಕ್ಕಿದಂತೆ.

ದಡದಲ್ಲಿ ನಿಂತವರು ಹುಟ್ಟನ್ನು ನೆಟ್ಟಗೆ ಎತ್ತಿ ಹಿಡಿದರೆ 'ಇಲ್ಲಿಗೆ ಬಾ' ಎಂದರ್ಥ. ದೋಣಿಗಳು ಯಾವಾಗಲೂ ದಡ ಸೇರುವ ಜಾಗದಲ್ಲಿ ನಿಂತು ಅವಳು ಹುಟ್ಟು ಎತ್ತಿದಳು. ತೋಳು ಸೋತರೂ ಇಳಿಸಲಿಲ್ಲ. ಮುಂದೆ ಬಿಳುಪಲ್ಲದೆ ಬೇರೇನೂ ಇಲ್ಲ. ಇನ್ನೊಂದು ಕೈಯ ಮುಷ್ಟಿಯಲ್ಲಿದ್ದ ಕನ್ನಡಕ ಬೆವರಿಗೆ ಒದ್ದೆಯಾಯಿತು.

"ರೀ...!" ಕೂಗು ಬಂದದ್ದು ಎಡಗಡೆಯಿಂದ, ತುಂಬಾ ದೂರದಿಂದ.

ಅವಳು ಮರಳಿನಲ್ಲಿ ಎಡವುತ್ತ ಓಡಿದಳು. ದಂಡೆಯ ಆ ತುದಿಯಲ್ಲಿ ಅವನು ದೋಣಿಯ ಪಕ್ಕ ನಿಂತು ನಗುತ್ತಿದ್ದ.

"ಒಳ್ಳೇ ಜಾಗದಲ್ಲಿ ನಿಂತಿದ್ರಿ. ನೀವು ಹುಟ್ಟು ಎತ್ತಿದ್ದು ಕಾಣಿಸ್ತು, ನೇರ ಬಂದ್ಬಿಟ್ಟೆ."

"ನಾನು ಇಲ್ಲಿರಲಿಲ್ಲ."

"ತಮಾಷೆ ಸಾಕು. ಹೆಗಲ ಮೇಲೆ ಹಳದಿ ಟವೆಲ್ ಹಾಕ್ಕೊಂಡಿದ್ರಲ್ಲ. ಮುಖ ಕಾಣ್ದಿದ್ರೂ ಬಣ್ಣ ಕಾಣುತ್ತೆ ನನಗೆ."

ಇಬ್ಬರೂ ದೋಣಿಯನ್ನು ಎತ್ತಿಕೊಂಡು ಹಿಂದಿರುಗುವಾಗ ಮಂಜು ಸರಿಯಿತು. ಅವಳು ನಿಂತಿದ್ದ ಜಾಗದ ಎದುರಿಗೆ, ನೊರೆಯ ನಡುವೆ ಕಪ್ಪು ಬಂಡೆಗಳು ಹಲ್ಲು ಕಿರಿದಿದ್ದವು. ಕಳೆದ ಬಿರುಗಾಳಿ ಅಲ್ಲಿನ ಮರಳನ್ನೆಲ್ಲ ಕೊಚ್ಚಿಕೊಂಡು ಹೋದದ್ದು, ನೀರಿಳಿದ ಮೇಲೆ ಈಗಷ್ಟೇ ಕಂಡಿತು. ಅವಳು ಅಷ್ಟು ಹೊತ್ತು ಅವನನ್ನು ಕರೆದದ್ದು ಅಲ್ಲಿಗೆ.

ಅವಳ ಕಡೆ ದೋಣಿ ಕುಸಿಯಿತು. ಅವನು ಭಾರವನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡ.

ಷೆಡ್ಡಿನ ಮೊಳೆಯಲ್ಲಿ ನೀಲಿ ಟವೆಲ್ ಮಾತ್ರ ಇತ್ತು. ಹಳದಿಯದು ಬೆಂಚಿನ ಮೇಲೆ ಮಡಿಸಿಟ್ಟಿತ್ತು. ಮೆತ್ತಗೆ, ಒದ್ದೆಯಾಗಿ, ಅಂಚಿಗೆ ಮರಳು ಹತ್ತಿಕೊಂಡು.

"ಯಾರಮ್ಮಾ ತೆಗೆದದ್ದು?"

ಬಾಗಿಲಲ್ಲಿ ಕೂತಿದ್ದ ಅಮ್ಮ ಟವೆಲ್ಲನ್ನು ಸವರಿದಳು. "ನಾನಂತೂ ಮುಟ್ಟಿಲ್ಲ. ಬಂದವನೇ ತಾನೇ ತೆಗೀಬೇಕು? ಮಡಿಸಿರೋದು ನೋಡು, ಮೂಲೆಗೆ ಮೂಲೆ ಕೂಡಿಲ್ಲ. ಎಷ್ಟು ಬೈದ್ರೂ ಕಲೀಲಿಲ್ಲ ನಿಮ್ಮಣ್ಣ."

ಟವೆಲ್ಲಿನಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.

ಅವಳು ಕನ್ನಡಕವನ್ನು ಸೆರಗಿನಲ್ಲಿ ಒರೆಸಿ, ಊದಿ, ಮತ್ತೊಮ್ಮೆ ಒರೆಸಿ ಅವನ ಕಿವಿಗೆ ಸಿಕ್ಕಿಸಿದಳು. ಅವನು ಅವಳ ಮುಖ ನೋಡಿದ. ಕೇಳಬೇಕಾದ ಮಾತು ಕೇಳಲಿಲ್ಲ, ಅಗತ್ಯವಿರಲಿಲ್ಲ.

"ಮೊದ್ಲು ನಿಮ್ಮ ಟವೆಲ್ ತೆಗೀರಿ," ಎಂದಳು. "ಇನ್ನೂ ನೀರಲ್ಲೇ ಇದೀರೇನೋ ಅನ್ನಿಸ್ತಿದೆ."

ಅವನು ತೆಗೆದ. ಮೊಳೆ ಬರಿದಾಯಿತು.

"ಬಂದ್ಯಾ?" ಬಹುವಚನ ಅವಳಿಗೆ ಗೊತ್ತಿಲ್ಲದೆಯೇ ಕಳಚಿಬಿದ್ದಿತ್ತು.

ಅವನು ಬೆಂಚಿನ ಮೇಲಿನ ಹಳದಿ ಟವೆಲ್ ಕಡೆ ತಿರುಗಿ, ಹಿರಿಯರೆದುರು ನಿಂತಂತೆ ಸ್ವಲ್ಪ ತಲೆ ಬಾಗಿಸಿದ.

"ಬಂದೆ," ಎಂದ. "ಭಾವ ಕಳಿಸಿದ್ರು."