ಶನಿವಾರದ ಏದುಸಿರು

"ಮೇಡಂರೀ, ಲಗೂನ ಬರ್ರಿ! ನಿಮ್ಮ ಮೀನು ಸಾಯಾಕತ್ತದ!"

ಹುಲಿಗೆಪ್ಪ ಯಂಕಮ್ಮನಿಗೆ ಆಡಿದ ಮೊದಲ ಮಾತು ಇದು. ಅವನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ನೀರು ಪರೀಕ್ಷಿಸುವ ಕೆಮಿಸ್ಟ್. ಅಲ್ಲೇ ಫಿಟರ್ ಆಗಿದ್ದ ಅವಳ ಅಣ್ಣ ಜಂಬಣ್ಣ ಕೊಟ್ಟ ಸೀರೆಯ ಪೊಟ್ಟಣ ಮುಟ್ಟಿಸಲು, ಹೇಳದೆ ಕೇಳದೆ ಮಾನ್ವಿಯ ಅವಳ ಮನೆಗೆ ಬಂದಿದ್ದ.

ಯಂಕಮ್ಮ ಒಳಗಿನಿಂದ ಓಡಿ ಬಂದು ಪಡಸಾಲೆಯ ಗಾಜಿನ ತೊಟ್ಟಿಯನ್ನು ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಮೀನಲ್ಲರೀ, ಆಕ್ಸೊಲಾಟಲ್. ಕಪ್ಪಿಯಂಗ ಉಭಯಚರ ಪ್ರಾಣಿ, ಆದ್ರ ನೀರು ಬಿಟ್ಟು ಹೊರಗ ಬರಂಗಿಲ್ಲ. ಹೆಸರು ಮುದುಕಪ್ಪ. ಮ್ಯಾಲ ಬಂದು ಒಂದು ಗುಟುಕು ಗಾಳಿ ಕುಡಿದು ಹೋತು, ಅಷ್ಟ. ಕಿವಿರೂ ಅದಾವ, ಪುಪ್ಪುಸನೂ ಅದಾವ. ಆಗೀಗ ಹಿಂಗ ಮಾಡೋದು ಅದರ ರೂಢಿ."

"ಮತ್ತ ಈಗ ಹೆಣದಂಗ ಬಿದ್ದದಲ್ರೀ?"

"ಸುಮ್ಮನ ಬಿದ್ದದ ಅಂದ್ರ ಅರಾಮ ಅದ ಅಂತ. ಆ ಕುಚ್ಚು ನೋಡ್ರಿ, ಹೆಂಗ ನಿಧಾನಕ್ಕ ಅಲಗಾಡಾಕತ್ತಾವ."

ಅವನು ತಲೆಯ ಎರಡೂ ಬದಿಗೆ ಹೊರಚಾಚಿದ್ದ ಕಿವಿರಿನ ಕುಚ್ಚುಗಳನ್ನು ನೋಡಿದ. ಅಲ್ಲಿಂದ ಅವಳ ಜುಮುಕಿಗೆ ಕಣ್ಣು ಹೊರಳಿಸಿ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಿದ. ಜುಮುಕಿ ಉಸಿರಾಡುವುದಿಲ್ಲ ಎಂಬುದು ಕೆಮಿಸ್ಟನಿಗೆ ತಿಳಿದಿರಲೇಬೇಕು.

ಯಂಕಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ವಿಜ್ಞಾನದ ಟೀಚರ್. ರಾಯಚೂರಿನಲ್ಲಿ ಅವಳಿಗೆ ಪಾಠ ಹೇಳಿದ ಪ್ರೊಫೆಸರರು ನಿವೃತ್ತರಾಗುವಾಗ ಆ ಪ್ರಾಣಿಯನ್ನು ಅವಳ ಕೈಗಿಟ್ಟಿದ್ದರು. ಬಿಸಿಲಿನ ಊರು, ಅದಕ್ಕೋ ತಂಪು ಬೇಕು. ತೊಟ್ಟಿಯ ಬುಡಕ್ಕೆ ಹಸಿ ಉಸುಕು, ಸುತ್ತಲೂ ಒದ್ದೆ ಗೋಣಿಚೀಲ, ತಿನ್ನಲು ಕಾಲುವೆ ದಂಡೆಯ ಎರೆಹುಳ. ಮುದುಕಪ್ಪನ ಉಸಿರಿನ ಲಯ ಅವಳಿಗೆ ತನ್ನ ಉಸಿರಿನಷ್ಟೇ ಗೊತ್ತಿತ್ತು.

ವಾರ ಕಳೆಯುವುದರೊಳಗೆ ಅಣ್ಣನೇ ಬಂದು ವಿಷಯ ಎತ್ತಿದ. "ಹುಡುಗ ಒಪ್ಯಾನ. ಶನಿವಾರಕ್ಕೊಮ್ಮೆ ಬರ್ತಾನ, ಮಾತಾಡಿ ನೋಡು. ಶಿವರಾತ್ರಿ ಆದ ಮ್ಯಾಲ ಹ್ಞೂಂ ಅಂತಿಯೋ, ಒಲ್ಲೆ ಅಂತಿಯೋ, ಹೇಳಿಬಿಡು. ಆಮ್ಯಾಲ ಆ ಮಾತು ತಿರುವಂಗಿಲ್ಲ." ಕಾವಲಿಗೆ ಮನೆ ಮಾಲಕಿ ಅಮೀರ್ ಬೀ ಇದ್ದೇ ಇದ್ದಳು.

ಆ ಶನಿವಾರ ಮುಂಜಾನೆಯ ಸ್ಕೂಲು ಮುಗಿಸಿ ಬಂದರೆ, ಹುಲಿಗೆಪ್ಪ ಆಗಲೇ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಯಂಕಮ್ಮ ಮುಗುಳ್ನಕ್ಕು ತೊಟ್ಟಿಯತ್ತ ತಿರುಗಿದಳು. ನಗು ಅಲ್ಲೇ ನಿಂತಿತು.

ಮುದುಕಪ್ಪ ಮೇಲೆ ಬಂದು ಗಾಳಿ ನುಂಗಿದ. ಇಳಿದ. ಮತ್ತೆ ಬಂದ. ಮತ್ತೆ. ಕುಚ್ಚುಗಳು ಮುಖದ ಕಡೆಗೆ ಮುದುರಿದ್ದವು. ಇದು ರೂಢಿಯ ಗುಟುಕಲ್ಲ, ಏದುಸಿರು. ನೀರು ಬದಲಿಸಿದ ಮೇಲೆ ಸಂಜೆಗೆ ಸರಿಹೋಯಿತು. ವಾರವಿಡೀ ಚೆನ್ನಾಗಿದ್ದ. ಮುಂದಿನ ಶನಿವಾರ ಮತ್ತದೇ ಪಾಡು.

ಆ ದಿನ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಕಂಡಿತು: ಹುಲಿಗೆಪ್ಪ ತೊಟ್ಟಿಯ ನೀರಿನಿಂದ ತಟಕ್ಕನೆ ಕೈ ತೆಗೆದ, ಏನನ್ನೋ ಮುಷ್ಟಿಯಲ್ಲಿ ಮುಚ್ಚಿ ಜೇಬಿಗೆ ಸೇರಿಸಿದ.

"ಏನರೀ ಅದು?"

"ಏನಿಲ್ಲ... ಕಾಗದ." ಅವನ ಕಿವಿ ಕೆಂಪಾದವು.

ಅನುಮಾನದ ಹುಳ ತಲೆ ಹೊಕ್ಕಿತು. ಇವನು ಬರುವ ದಿನವೇ ಯಾಕೆ? ನೀರೂ ಆ ದಿನವೇ ಹೊಳೆಯುವಷ್ಟು ತಿಳಿಯಾಗಿರುವುದೇಕೆ? ಶಿವರಾತ್ರಿ ಆದ ಮೇಲೂ "ಮುದುಕಪ್ಪ ಹೆಂಗದಾನ?" ಎಂದು ಕೇಳಿಕೊಂಡು ಬರಲು ನೆವ ಬೇಕೆಂದು ಏನಾದರೂ ಬೆರೆಸುತ್ತಿರಬಹುದೆ? ಬಾಯಿಲ್ಲದ ಜೀವದ ಉಸಿರು ಕಟ್ಟಿಸಿ ತನ್ನ ಹತ್ತಿರ ಬರುವವನ ಜೊತೆ ಬಾಳುವೆ ಮಾಡುವುದು ಹೇಗೆ? ಒಲ್ಲೆ ಅನ್ನಬೇಕು. ಅಂದುಕೊಂಡಳು, ಮತ್ತು ಆ ರಾತ್ರಿ ಉಣ್ಣಲಿಲ್ಲ. ಬೇಡವಾದವನ ಸಲುವಾಗಿ ಯಾರೂ ಉಪವಾಸ ಇರುವುದಿಲ್ಲ. ಹುಡುಗಿಗೆ ಅದು ಹೊಳೆಯಲಿಲ್ಲ.

ಶಿವರಾತ್ರಿಯ ಹಿಂದಿನ ಶನಿವಾರ. ಕಳ್ಳನನ್ನು ಕೈಯಾರೆ ಹಿಡಿಯಲೆಂದು ಯಂಕಮ್ಮ ತಲೆನೋವಿನ ನೆಪ ಹೇಳಿ ಬೇಗನೆ ಮನೆಗೆ ಬಂದು ಬಾಗಿಲ ಮರೆಯಲ್ಲಿ ನಿಂತಳು. ಹುಲಿಗೆಪ್ಪ ಇನ್ನೂ ಬಂದಿರಲಿಲ್ಲ. ಅಮೀರ್ ಬೀ ಕುಡಿಯುವ ನೀರಿನ ಕೊಡಗಳಲ್ಲಿ ಪಟಿಕದ ಗಡ್ಡೆಯನ್ನು ಗರಗರ ತಿರುಗಿಸುತ್ತಿದ್ದಳು. ಕೊಡಗಳು ಮುಗಿದವು. ಮುದುಕಿ ಅದೇ ಗಡ್ಡೆಯನ್ನು ತೊಟ್ಟಿಗೂ ಅದ್ದಿ, ಮುತುವರ್ಜಿಯಿಂದ ತಿರುಗಿಸತೊಡಗಿದಳು.

"ಯವ್ವಾ! ಏನ್ ಮಾಡಾಕತ್ತಿ?"

"ಅಯ್ಯ, ಮೆಹಮಾನ್ ಬರ್ತಾರಲ್ಲ ಬೇಟಿ! ಕಾಲುವಿ ನೀರು ಕೆಂಪಗ ಅದ. ಕುಡಿಯಾಕ ತಿಳಿನೀರು ಕೊಡಬೇಕು. ಈ ಕೆಂಪು ನೀರಾಗ ನಿನ್ನ ಮುದುಕಪ್ಪನ ಮಾರಿ ಅವರಿಗೆ ಹೆಂಗ ಕಾಣಬೇಕು? ಪ್ರತಿ ಸರ್ತಿ ನಾನಽ ತಿರುವಿ ಇಡ್ತೀನಿ."

ಹಿಂದೆ ಯಾರೋ ಕೆಮ್ಮಿದರು. ಹುಲಿಗೆಪ್ಪ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಪಟಿಕ ಹಾಕಿದ್ರ ನೀರು ಹುಳಿ ಆಗ್ತದವ್ವ. ಕಿವಿರು ಉರೀತಾವ," ಎಂದು ಅಂಗಿಯ ತೋಳು ಮಡಚಿದ. ಇಬ್ಬರೂ ಸೇರಿ ಮುದುಕಪ್ಪನನ್ನು ಪಟಿಕ ಸೋಕದ ನೀರಿನ ಬಕೆಟ್ಟಿಗೆ ಬಿಟ್ಟರು. ಅಮೀರ್ ಬೀ ಕೆನ್ನೆ ಕೆನ್ನೆ ಬಡಿದುಕೊಂಡು ಚಹಾ ಇಡಲು ಒಳಗೆ ಹೋದಳು. ಬಕೆಟ್ಟಿನಲ್ಲಿ ಕುಚ್ಚುಗಳು ಮೆಲ್ಲಗೆ ಹಿಂದಕ್ಕೆ ಬಿಚ್ಚಿಕೊಂಡವು.

ಯಂಕಮ್ಮ ತಲೆ ಎತ್ತಲಿಲ್ಲ. "ನೀವಽ ಏನೋ ಹಾಕ್ತೀರಿ ಅಂತ ತಿಳಿದಿದ್ದೆ. ಮತ್ತ ಬರಾಕ ನೆವ ಬೇಕಲ್ಲ, ಅದಕ್ಕ."

"ನಾ ನೀವಽ ಹಾಕ್ತೀರಿ ಅನಕೊಂಡಿದ್ದೆ," ಅಂದ ಅವನು. "ನಾ ಮತ್ತ ಬರ್ಲಿ ಅಂತ. ಅದಕ್ಕ ಆವತ್ತು ಲಿಟ್ಮಸ್ ಕಾಗದ ಅದ್ದಿದ್ದು."

ಅವಳ ಕಣ್ಣು ಕಿಡಿಯಾಯಿತು. "ಅಷ್ಟು ಕಟುಕಿ ಅನಕೊಂಡ್ರೇನು ನನ್ನ? ಮತ್ತ ಕಾಗದ ಏನ್ ಹೇಳ್ತು?"

"ಗೊತ್ತಿಲ್ಲ."

"ಗೊತ್ತಿಲ್ಲಾಂದ್ರ?"

"ಬಣ್ಣ ನೋಡಲಿಲ್ಲರೀ. ಮುಷ್ಟಿ ಮುಚ್ಚಿಬಿಟ್ಟೆ." ಅವನ ದನಿ ಸಣ್ಣದಾಯಿತು. "ಖರೇ ಅಂತ ತಿಳಿದ್ರ ಇಲ್ಲಿಗೆ ಬರೋದು ಬಿಡಬೇಕಾಗ್ತಿತ್ತು. ಬಿಡಾಕ ನನ್ನ ಕೈಲಿ ಆಗ್ತಿರಲಿಲ್ಲ."

ಯಂಕಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ದಿನವೂ ಮನೆಯಲ್ಲೇ ಇರುವ ಅಮೀರ್ ಬೀಯನ್ನು ತಾನಾದರೂ ಒಂದು ಮಾತು ಯಾಕೆ ಕೇಳಿರಲಿಲ್ಲ ಎಂಬುದು ಅವಳಿಗೂ ಈಗ ಅರ್ಥವಾಗಿತ್ತು: ಅನುಮಾನ ನಿಜವಾದೀತೆಂಬ ಅದೇ ಅಂಜಿಕೆ. ಅವಳು ಒದ್ದೆ ಕೈಯಲ್ಲೇ ಅವನ ಒದ್ದೆ ಕೈ ಹಿಡಿದಳು.

"ಅಣ್ಣಗ ಇವತ್ತಽ ಹೇಳ್ರಿ," ಎಂದಳು. "ಯಂಕಮ್ಮ ಹ್ಞೂಂ ಅಂದಾಳ ಅಂತ."